ನಾಲ್ಕು ನಿಮಿಷದ ನದಿಗೆ ಒಂಬತ್ತು ತಿಂಗಳು

ನಾನು ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕ್ಲೀನ್‌ಅಪ್ ಕೆಲಸ ಮಾಡುತ್ತೇನೆ. ಬೇರೆಯವರು ಬರೆದ ಒರಟು ಚಿತ್ರದ ಮೇಲೆ ಸರಿಯಾದ ಗೆರೆ ಎಳೆಯುವುದು, ಅಷ್ಟೇ. ಹೊರದೇಶದ ಮಕ್ಕಳ ಕಾರ್ಟೂನ್‌ಗಳು. ತಿಂಗಳಿಗೆ ಸಂಬಳ ಬರುತ್ತದೆ, ಪರದೆಯ ಮೇಲೆ ಹೆಸರು ಬರುವುದಿಲ್ಲ. ಹಾಗಾಗಿ ಭಾನುವಾರಗಳಲ್ಲಿ ನನ್ನದೇ ಒಂದು ಚಿತ್ರ ಮಾಡೋಣ ಅನ್ನಿಸಿತು. ಮಾಡಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡಿನ ಚಿತ್ರ. ಒಂಬತ್ತು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಮೂರು ತಿಂಗಳ ಕೆಲಸ ಪೂರ್ತಿ ಕಸದ ಬುಟ್ಟಿಗೆ ಹೋಯಿತು.

ಹುಚ್ಚು ಹತ್ತಿದ್ದು ‘ಹಾರ್ಲಾಕ್ ಸಾಗಾ’ ನೋಡಿ. 1999ರ ಜಪಾನಿ ಅನಿಮೆ, ಆರೇ ಕಂತು. ಲೇಜಿ ಮಾತ್ಸುಮೊಟೊ ಅವರ ಕಾಮಿಕ್ಸ್ ಆಧರಿಸಿದ್ದು. ಬಾಹ್ಯಾಕಾಶದ ಕಡಲ್ಗಳ್ಳ ಕ್ಯಾಪ್ಟನ್ ಹಾರ್ಲಾಕ್ 1977ರಿಂದಲೇ ಅವರ ಕಾಮಿಕ್ಸ್‌ನಲ್ಲಿದ್ದಾನೆ. ಒಂದು ಕಣ್ಣಿಗೆ ಪಟ್ಟಿ, ಕೆನ್ನೆಯ ಮೇಲೆ ಗಾಯದ ಗುರುತು, ಕಪ್ಪು ನಿಲುವಂಗಿ. ಅವನ ಹಡಗು ಆರ್ಕೇಡಿಯಾದ ಹಿಂಭಾಗ ನೋಡಿದರೆ ಹಳೇ ಕಾಲದ ಮರದ ಹಡಗು. ಬಾಹ್ಯಾಕಾಶದಲ್ಲಿ ಮರದ ಚುಕ್ಕಾಣಿ ತಿರುಗಿಸುತ್ತಾನೆ! ಯಾರೂ ಪ್ರಶ್ನೆ ಕೇಳುವುದಿಲ್ಲ. ಇಂಥವನನ್ನು ಮಾತ್ಸುಮೊಟೊ ಆಪೆರಾದೊಳಗೆ, ಅಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕದೊಳಗೆ, ಅದೂ ಜರ್ಮನಿಯ ಸಂಗೀತಗಾರ ರಿಚರ್ಡ್ ವಾಗ್ನರ್‌ನ ಆಪೆರಾದೊಳಗೆ ಇಳಿಸಿದರು.

ವಾಗ್ನರ್‌ನ ‘ನಿಬೆಲುಂಗರ ಉಂಗುರ’ ನಾಲ್ಕು ಆಪೆರಾಗಳ ಸರಣಿ. ಬರೆದು ಮುಗಿಸಲು 1848ರಿಂದ 1874ರವರೆಗೆ, ಅಂದರೆ 26 ವರ್ಷ ಬೇಕಾಯಿತು. ಪೂರ್ತಿ ಕೇಳಲು ಸುಮಾರು 15 ಗಂಟೆ ಬೇಕು. ಕಥೆ ಉತ್ತರ ಯುರೋಪಿನ ಪುರಾಣಗಳಿಂದ ಬಂದದ್ದು. ಮೊದಲನೆಯದು ‘ದಾಸ್ ರೈನ್‌ಗೋಲ್ಡ್’. ರೈನ್ ನದಿಯ ತಳದಲ್ಲಿ ಚಿನ್ನ ಇದೆ. ಮೂವರು ಜಲಕನ್ಯೆಯರು ಕಾಯುತ್ತಾರೆ. ಆ ಚಿನ್ನದಲ್ಲಿ ಉಂಗುರ ಮಾಡಿಸಿಕೊಂಡವನು ಲೋಕವನ್ನೇ ಆಳಬಹುದು. ಆದರೆ ಅವನು ಪ್ರೀತಿಯನ್ನು ಶಾಶ್ವತವಾಗಿ ಬಿಡಬೇಕು. ಆಲ್ಬೆರಿಖ್ ಎನ್ನುವ ಕುಳ್ಳ, ಕನ್ಯೆಯರ ಕೈಯಲ್ಲಿ ಗೇಲಿಗೆ ಒಳಗಾಗಿ, ಆ ಪ್ರೀತಿಯನ್ನು ಶಪಿಸಿ ಚಿನ್ನ ಕಿತ್ತುಕೊಂಡು ಓಡುತ್ತಾನೆ. ಮುಂದಿನದೆಲ್ಲ ಉಂಗುರ ಕೈಯಿಂದ ಕೈಗೆ ಹೋಗಿ ಹೆಣ ಬೀಳಿಸುವ ಕಥೆ. ‘ಹಾರ್ಲಾಕ್ ಸಾಗಾ’ದ ಆರು ಕಂತುಗಳಲ್ಲಿ ಬರುವುದು ಈ ಮೊದಲ ಆಪೆರಾದ ಕಥೆ ಮಾತ್ರ. ಅಲ್ಲಿ ರೈನ್ ಒಂದು ಗ್ರಹ.

ಹೊನ್ನಾವರದ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪ ಇದ್ದಾರೆ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಅವರಿಗೆ ಫೋನಿನಲ್ಲಿ ಈ ಕಥೆ ಹೇಳಿದೆ. ಪೂರ್ತಿ ಕೇಳಿ, “ಇದು ನಮ್ಮ ಶಮಂತಕ ಮಣಿಯೇ ಅಲ್ವಾ” ಅಂದರು. ಚೌತಿಯ ದಿನ ಎಲ್ಲರೂ ಕೇಳುವ ಕಥೆ. ದಿನಕ್ಕೆ ಎಂಟು ಭಾರ ಚಿನ್ನ ಕೊಡುವ ಮಣಿ. ಧರಿಸಿ ಹೋದ ಪ್ರಸೇನ ಸತ್ತ, ಅವನನ್ನು ಕೊಂದ ಸಿಂಹ ಸತ್ತಿತು, ಸತ್ರಾಜಿತನೂ ಸತ್ತ, ಅವನನ್ನು ಕೊಂದ ಶತಧನ್ವನೂ ಸತ್ತ. ಒಂದು ವ್ಯತ್ಯಾಸ ಇದೆ, ಅದನ್ನೂ ದೊಡ್ಡಪ್ಪನೇ ಹೇಳಿದರು: “ನಮ್ಮ ಕೃಷ್ಣ ಮಣಿಯನ್ನು ತಾನು ಇಟ್ಟುಕೊಳ್ಳಲಿಲ್ಲ. ನಿನ್ನ ಆ ಒಕ್ಕಣ್ಣಿನ ದೇವರು ಇಟ್ಟುಕೊಳ್ಳಲಿಕ್ಕೆ ಹೋದ, ನೋಡು.” ಒಕ್ಕಣ್ಣಿನ ದೇವರು ಅಂದರೆ ವೋಟಾನ್, ಆಪೆರಾದಲ್ಲಿ ದೇವರುಗಳಿಗೆಲ್ಲ ಒಡೆಯ.

ಇಡೀ ಆಪೆರಾ ಮಾಡುವ ತಾಕತ್ತು ನನಗಿಲ್ಲ. ಹಾಗಾಗಿ ಅದರ ಆರಂಭದ ವಾದ್ಯ ಸಂಗೀತ ಮಾತ್ರ ತೆಗೆದುಕೊಂಡೆ. ಮೊದಲ ಜಲಕನ್ಯೆ ಬಾಯಿ ತೆರೆಯುವುದಕ್ಕೆ ಮುಂಚಿನ ಭಾಗ. ಒಟ್ಟು 136 ಬಾರ್, ನಮ್ಮ ಲೆಕ್ಕದಲ್ಲಿ 136 ಆವರ್ತ ಅನ್ನಿ. ನಾನು ಹಿಡಿದ ವೇಗದಲ್ಲಿ 250 ಸೆಕೆಂಡು. ಸೆಕೆಂಡಿಗೆ 24 ಫ್ರೇಮ್, ಒಟ್ಟು 6000 ಫ್ರೇಮ್. ಒಂದು ಆವರ್ತಕ್ಕೆ 44 ಫ್ರೇಮ್, ಸ್ವಲ್ಪ ಹೆಚ್ಚು ಕಡಿಮೆ.

ಮೊದಲ ಸ್ಟೋರಿಬೋರ್ಡ್‌ನಲ್ಲಿ 88 ಕಟ್, ಅಂದರೆ 88 ತುಂಡು ದೃಶ್ಯ ಹಾಕಿದ್ದೆ. ಉಲ್ಕೆಗಳ ಮಳೆ, ಹಡಗುಗಳ ಬೆನ್ನಟ್ಟುವಿಕೆ, ಸ್ಫೋಟ, ಮೊದಲ ಕಟ್‌ನಲ್ಲೇ ಧಗಧಗ ಹೊಳೆಯುವ ಚಿನ್ನ. ಎಲ್ಲ ಸೇರಿಸಿ ಅನಿಮ್ಯಾಟಿಕ್ ಮಾಡಿದೆ, ಅಂದರೆ ಕಚ್ಚಾ ಚಿತ್ರಗಳನ್ನು ಸಂಗೀತದ ಮೇಲೆ ಜೋಡಿಸಿ ನೋಡುವುದು. ನೋಡಲಾಗಲಿಲ್ಲ. ಚಿತ್ರ ಒಂದು ಕಡೆ ಓಡುತ್ತದೆ, ಸಂಗೀತ ಅದರ ಪಾಡಿಗೆ ನಿಂತಿದೆ. ಎರಡಕ್ಕೂ ಸಂಬಂಧವೇ ಇಲ್ಲ. ತಿದ್ದಿದೆ, ಕಟ್ ಜಾಸ್ತಿ ಮಾಡಿದೆ, ಇನ್ನೂ ಕೆಟ್ಟಿತು.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ದೊಡ್ಡಪ್ಪನಿಗೆ ತೋರಿಸಿದೆ. ಅವರು ಎರಡು ನಿಮಿಷ ನೋಡಿ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಅಂದುಕೊಂಡೆ. ಮುಗಿದ ಮೇಲೆ ಕೇಳಿದರು, “ಇದೆಂತ ಮಾರಾಯ, ಬರೀ ಶ್ರುತಿ ಹಿಡಿದಿದ್ದಾರೆ. ಭಾಗವತರು ಎಲ್ಲಿ?”

ನನಗೆ ಬೆನ್ನಿಗೆ ತಣ್ಣೀರು ಹಾಕಿದ ಹಾಗಾಯಿತು. ಹೌದಲ್ಲ! ಆ 136 ಆವರ್ತದಲ್ಲಿ ಸ್ವರಮೇಳ ಬದಲಾಗುವುದೇ ಇಲ್ಲ. ಇ-ಫ್ಲಾಟ್ ಅನ್ನುವ ಸ್ವರದ ಮೇಲೆ ನಿಂತ ಮೇಳ ಒಂದೇ. ಮೊದಲು ಡಬಲ್ ಬಾಸ್ ಅನ್ನುವ ದೊಡ್ಡ ತಂತಿವಾದ್ಯಗಳು ತಳದಲ್ಲಿ ಇ-ಫ್ಲಾಟ್ ಹಿಡಿಯುತ್ತವೆ. ಅದರ ಅತಿ ದಪ್ಪ ತಂತಿಯೇ ಆ ಸ್ವರಕ್ಕೆ ಇಳಿಯದು, ಅದಕ್ಕೆ ಕೆಲವರು ತಂತಿ ಸಡಿಲಿಸಿಕೊಂಡು ನುಡಿಸಬೇಕು. 5ನೇ ಆವರ್ತದಲ್ಲಿ ಬಸೂನ್ ಅನ್ನುವ ಊದುವಾದ್ಯಗಳು ಬಿ-ಫ್ಲಾಟ್ ಸೇರಿಸುತ್ತವೆ. ಸ, ಆಮೇಲೆ ಪ. ತಂಬೂರಿಯೇ ಅಲ್ವಾ ಇದು! 17ನೇ ಆವರ್ತದಲ್ಲಿ ಒಂದು ಹಾರ್ನ್ ಮೆಲ್ಲಗೆ ಮೇಲೇರುತ್ತದೆ. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು, ಹೀಗೆ ಎಂಟು ಹಾರ್ನ್. ಆಮೇಲೆ ತಂತಿವಾದ್ಯಗಳು ಅಲೆಯಾಗುತ್ತವೆ. ಶ್ರುತಿಯ ಮೇಲೆ ನಾನು ಸ್ಫೋಟ ಇಟ್ಟಿದ್ದೆ.

ಆ ರಾತ್ರಿ ಪಕ್ಕದೂರಲ್ಲಿ ತಾಳಮದ್ದಳೆ ಇತ್ತು, ದೊಡ್ಡಪ್ಪನ ಜೊತೆ ಹೋದೆ. ಚಿಕ್ಕಂದಿನಿಂದ ನೋಡಿದ್ದೇ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟ ನಾಲ್ಕು ಜನ ಎದುರುಬದುರು ಕೂತಿರುತ್ತಾರೆ. ಭಾಗವತರು ಪದ ಹೇಳುತ್ತಾರೆ, ಇವರು ಅರ್ಥ ಹೇಳುತ್ತಾರೆ. ಒಬ್ಬರೂ ಕೂತಲ್ಲಿಂದ ಏಳುವುದಿಲ್ಲ, ಆದರೆ ಯುದ್ಧ ನಡೆದು ಹೋಗುತ್ತದೆ. ಮದ್ದಳೆ ಕೇಳುತ್ತ ಕೂತಾಗ ಹಾರ್ಲಾಕ್ ನೆನಪಾದ. ಅವನೂ ಹಾಗೇ. ಹಡಗಿನ ಮುಂದೆ ನಿಂತಿರುತ್ತಾನೆ. ಹತ್ತು ಸೆಕೆಂಡು, ಹದಿನೈದು ಸೆಕೆಂಡು. ಅಲುಗುವುದು ನಿಲುವಂಗಿಯ ಅಂಚು ಮಾತ್ರ. ನಾವು ಮಾತ್ರ ಉಸಿರು ಹಿಡಿದು ನೋಡುತ್ತಿರುತ್ತೇವೆ.

ಜಪಾನಿನಲ್ಲಿ ಇದು ಬಡತನದಿಂದ ಹುಟ್ಟಿದ ಪದ್ಧತಿ. 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೊ ಬಾಯ್’ ಶುರು ಮಾಡಿದಾಗ ವಾರಕ್ಕೊಂದು ಕಂತು ಕೊಡಬೇಕಿತ್ತು, ದುಡ್ಡು ಇರಲಿಲ್ಲ. ಒಂದೇ ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿದರು. ಒಮ್ಮೆ ಬರೆದದ್ದನ್ನು ಎತ್ತಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರು. ಅನಿಮೆ ಅಲ್ಲಿಂದಲೇ ನಿಲ್ಲುವುದನ್ನು ಕಲಿಯಿತು. ಆಪೆರಾ ಗಾಯಕರಿಗೆ ನಿಲ್ಲುವುದು ಮೊದಲೇ ಗೊತ್ತಿತ್ತು. ಅಂಥ ಹಾಡನ್ನು ಓಡಾಡಿಕೊಂಡು ಹಾಡಲು ಆಗುವುದಿಲ್ಲವಲ್ಲ. ಸಂಗೀತ ನಡೆಯಬೇಕು, ಮನುಷ್ಯ ನಿಲ್ಲಬೇಕು. ವಾಗ್ನರ್‌ನ ಲೋಕಕ್ಕೆ ಹಾರ್ಲಾಕ್ ಅಷ್ಟು ಸಲೀಸಾಗಿ ಹೊಂದಿಕೊಂಡದ್ದು ಯಾಕೆ ಅಂತ ಆವತ್ತು ತಿಳಿಯಿತು. ದೇವರು, ದೈತ್ಯರು, ಉಂಗುರ ಎಲ್ಲ ಆಮೇಲಿನ ಮಾತು.

1981ರಲ್ಲಿ ಫ್ರಾನ್ಸ್ ಮತ್ತು ಜಪಾನ್ ಸೇರಿ ಮಾಡಿದ ‘ಯುಲಿಸಿಸ್ 31’ ಕೂಡ ಇದೇ ದಾರಿಯದು. ಗ್ರೀಕ್ ಪುರಾಣದ ಅಲೆಮಾರಿ ನಾವಿಕನನ್ನು 31ನೇ ಶತಮಾನಕ್ಕೆ ಒಯ್ದಿದ್ದಾರೆ. ಚೆನ್ನಾಗಿದೆ, ಆದರೆ ಅಲ್ಲಿ ಪುರಾಣ ಕಥೆಗೆ ಮಾತ್ರ ಬರುತ್ತದೆ. ಸಂಗೀತದ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಇನ್ನೊಂದು ಜಪಾನಿ ಅನಿಮೆ, ‘ಲೆಜೆಂಡ್ ಆಫ್ ದಿ ಗ್ಯಾಲಾಕ್ಟಿಕ್ ಹೀರೋಸ್’. 1988ರ ಅದರ ಸಿನಿಮಾದಲ್ಲಿ ಯುದ್ಧದ ಮೇಲೆ ಫ್ರಾನ್ಸಿನ ಸಂಗೀತಗಾರ ರವೆಲ್‌ನ ‘ಬೊಲೆರೊ’ ಹಾಕಿದ್ದಾರೆ. ಸಂಗೀತ ಎಲ್ಲಿ ಏರುತ್ತದೋ ಚಿತ್ರ ಅಲ್ಲಿ ಏರುತ್ತದೆ, ಒಂದು ಹೆಜ್ಜೆಯೂ ಮುಂದೆ ಓಡುವುದಿಲ್ಲ. ಅದರ ನಾಯಕನ ಹಡಗಿನ ಹೆಸರು ಬ್ರೂನ್‌ಹಿಲ್ಡ್, ಅದೂ ನಿಬೆಲುಂಗರ ಕಥೆಯದ್ದೇ.

ಬೆಂಗಳೂರಿಗೆ ಬಂದು 88 ಕಟ್ ಕಿತ್ತು 23ಕ್ಕೆ ಇಳಿಸಿದೆ. ಮೊದಲ 29 ಸೆಕೆಂಡು ಕತ್ತಲೆ. ನಾಲ್ಕೈದು ನಕ್ಷತ್ರ, ಅಷ್ಟೇ. ಮೊದಲ ಹಾರ್ನ್ ಬಂದಾಗ ಮೊದಲ ಬೆಳಕು. ಕತ್ತಲೆ ಇಡುವ ಧೈರ್ಯ ಬಂದದ್ದು ಬೈರಾಯ್ಟ್ ನಗರದ ವಾಗ್ನರ್ ರಂಗಮಂದಿರದ ಬಗ್ಗೆ ಓದಿ. 1876ರಲ್ಲಿ ನಾಲ್ಕೂ ಆಪೆರಾ ಅಲ್ಲಿ ಮೊದಲ ಸಲ ಒಟ್ಟಿಗೆ ಆದವು. ವಾದ್ಯದವರು ಪ್ರೇಕ್ಷಕರಿಗೆ ಕಾಣದ ಹಾಗೆ ತಗ್ಗಿನಲ್ಲಿ ಕೂರುತ್ತಾರೆ. ಸದ್ದು ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದು. ಜಲಕನ್ಯೆಯರು ಈಜಬೇಕಲ್ಲ, ಅದಕ್ಕೆ ಅವರನ್ನು ಗಾಡಿಗಳ ಮೇಲೆ ಎತ್ತರದಲ್ಲಿ ಕಟ್ಟಿ, ಕೆಳಗಿನಿಂದ ಆಳುಗಳು ತಳ್ಳುತ್ತಿದ್ದರಂತೆ. ಆ ಗಾಯಕಿಯರ ಪಾಡು ನೆನೆದಾಗಲೆಲ್ಲ ನನ್ನ ಕಷ್ಟ ಏನೂ ಅಲ್ಲ ಅನಿಸುತ್ತದೆ.

ನದಿಗೆ ನಾನು ಬಳಸಿದ್ದು ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ. ಐದು ಪದರ ಬರೆದೆ. ಹತ್ತಿರದ್ದು ಬೇಗ, ದೂರದ್ದು ನಿಧಾನ. ಬಳಸಿದ ಸಾಫ್ಟ್‌ವೇರ್ ಓಪನ್‌ಟೂನ್ಜ್. ಜಪಾನಿನ ಘಿಬ್ಲಿ ಅನಿಮೇಷನ್ ಸ್ಟುಡಿಯೋದವರು ಬಳಸುತ್ತಿದ್ದ ಟೂನ್ಜ್‌ನ ಉಚಿತ ರೂಪ, 2016ರಿಂದ ಯಾರು ಬೇಕಾದರೂ ಬಳಸಬಹುದು. ಮಾಡಲು ಹೊರಟವರಿಗೆ ಎರಡು ಮಾತು. ಪಾತ್ರವನ್ನು ಮೂರು ಫ್ರೇಮಿಗೊಂದು ಚಿತ್ರದಂತೆ ಇಡಿ, ತೊಂದರೆ ಇಲ್ಲ. ಆದರೆ ಹಿನ್ನೆಲೆ ನಿಧಾನಕ್ಕೆ ಸರಿಯುವಾಗ ಪ್ರತಿ ಫ್ರೇಮಿಗೂ ಸರಿಯಬೇಕು. ನಾನು ಅದನ್ನೂ ಮೂರಕ್ಕೆ ಇಟ್ಟು ನೋಡಿದೆ, ನದಿ ಬಿಕ್ಕಳಿಸಿತು. ಇನ್ನೊಂದು, ಕಡು ನೀಲಿ ಕಪ್ಪಿಗೆ ತಿರುಗುವ ಕಡೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಮೇಲೆ ಸ್ವಲ್ಪ ನವಿರಾದ ಮರಳಿನಂಥ ಚುಕ್ಕಿ ಹರಡಿದರೆ ಮರೆಯಾಗುತ್ತದೆ. ಇದು ತಿಳಿಯಲು ಎರಡು ವಾರ ಹೋಯಿತು. ಎರಡೇ ಎರಡು ಸಾಲಿನ ವಿಷಯ!

ಚಿನ್ನವನ್ನು ತೆಗೆದೇ ಬಿಟ್ಟೆ. ಬರೆದ ಚಿತ್ರಗಳಲ್ಲಿ ಅದೇ ಚಂದ ಇತ್ತು, ಹೊಟ್ಟೆ ಉರಿಯಿತು. ಆದರೆ ಆಪೆರಾದಲ್ಲಿ ಚಿನ್ನ ಹೊಳೆಯುವುದು ಬಹಳ ಆಮೇಲೆ, ಬಿಸಿಲು ಅದರ ಮೇಲೆ ಬಿದ್ದಾಗ. ಶ್ರುತಿ ಹಿಡಿಯುವಾಗಲೇ ಚಿನ್ನ ತೋರಿಸಿದರೆ ಕದಿಯುವ ಕಥೆಗೆ ಏನು ಉಳಿಯಿತು?

ಆಲ್ಬೆರಿಖ್‌ನ ವಿಷಯದಲ್ಲಿ ತುಂಬಾ ದಿನ ತಲೆ ಕೆಡಿಸಿಕೊಂಡೆ. ವಾಗ್ನರ್ ಯಹೂದಿಗಳ ಬಗ್ಗೆ ವಿಷ ಕಾರಿದ ಮನುಷ್ಯ, 1850ರಲ್ಲಿ ಅದರ ಮೇಲೆ ಪ್ರಬಂಧವನ್ನೇ ಬರೆದ. ಆಲ್ಬೆರಿಖ್ ಮತ್ತು ಅವನ ತಮ್ಮ, ಕಮ್ಮಾರ ಮೀಮೆ, ಇಬ್ಬರೂ ಆ ದ್ವೇಷದ ಅಣಕು ಚಿತ್ರಗಳು ಅಂತ ಹಲವು ವಿಮರ್ಶಕರು ಹೇಳಿದ್ದಾರೆ. ಸಂಗೀತ ಚೆನ್ನಾಗಿದೆ ಅಂತ ಇದನ್ನು ಸುಮ್ನೆ ಬದಿಗೆ ಸರಿಸಲು ನನಗೆ ಮನಸ್ಸಾಗಲಿಲ್ಲ. ಮಾತ್ಸುಮೊಟೊ ಏನು ಮಾಡಿದರು ನೋಡಿ. ಅವರ ಮೀಮೆ ಕುಳ್ಳನೂ ಅಲ್ಲ, ಗಂಡಸೂ ಅಲ್ಲ. ಹಾರ್ಲಾಕ್‌ನ ಹಡಗಿನಲ್ಲಿ ಮೌನವಾಗಿರುವ, ಉದ್ದ ಕೂದಲಿನ, ಬೇರೆ ಲೋಕದ ಹೆಣ್ಣು. ಉಂಗುರ ಮಾಡಬಲ್ಲವಳು ಅವಳೇ. ನಗೆಪಾಟಲಿನ ಪಾತ್ರ ಇಡೀ ಕಥೆಯ ದುಃಖವಾಗಿ ಬಿಟ್ಟಿದೆ. ನನ್ನ ಆಲ್ಬೆರಿಖ್‌ಗೆ ನಾನು ಮುಖವನ್ನೇ ಕೊಡಲಿಲ್ಲ. ಕೊನೆಯ ಕಟ್‌ನಲ್ಲಿ ಗಣಿ ಕಾರ್ಮಿಕನ ಹಳೇ ಬಾಹ್ಯಾಕಾಶ ಉಡುಪಿನಲ್ಲಿ ಒಬ್ಬ ದೂರದಲ್ಲಿ ನಿಂತಿದ್ದಾನೆ. ಅವನ ಹೆಲ್ಮೆಟ್‌ನ ಗಾಜಿನಲ್ಲಿ ನದಿ ಹರಿಯುತ್ತದೆ. ಮೊದಲ ಜಲಕನ್ಯೆ ಹಾಡಲು ಉಸಿರು ಎಳೆದುಕೊಳ್ಳುವ ಸದ್ದಿಗೆ ಕಟ್.

ಒಟ್ಟು 412 ಚಿತ್ರ ಬರೆದೆ. ಎಲ್ಲವನ್ನೂ ಎರಡು ಫ್ರೇಮಿಗೊಂದರಂತೆ ಮಾಡಿದ್ದರೆ 3000 ಬೇಕಿತ್ತು.

ಮುಗಿಯಿತು ಅಂತ ಒಂದು ವಿಡಿಯೊ ತಾಣಕ್ಕೆ ಏರಿಸಿದೆ. ಒಂದು ಗಂಟೆಯೊಳಗೆ ಸದ್ದು ಬಂದ್. ವಾಗ್ನರ್ ಸತ್ತು 140 ವರ್ಷ ಆಯಿತು, ಇನ್ನೆಂಥ ಹಕ್ಕು ಅಂತ ಕೂಗಾಡಿದೆ. ತಪ್ಪು ನನ್ನದೇ. ಬರೆದ ಸಂಗೀತ ಎಲ್ಲರದ್ದು, ಆದರೆ ಅದನ್ನು ನುಡಿಸಿ ಮಾಡಿದ ರೆಕಾರ್ಡಿಂಗ್ ಕಂಪನಿಯದ್ದು. ಈ ಸಣ್ಣ ವಿಷಯ ಸ್ಟುಡಿಯೋದಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನಿಗೆ ಗೊತ್ತಿರಬೇಕಿತ್ತು. ಕೊನೆಗೆ ಒಬ್ಬ ಗೆಳೆಯ ಸ್ವರಲಿಪಿ ನೋಡಿ ಕೀಬೋರ್ಡಿನಲ್ಲಿ ಎಲ್ಲ ಭಾಗ ನುಡಿಸಿಕೊಟ್ಟ. ತಂತಿವಾದ್ಯಗಳು ಪರವಾಗಿಲ್ಲ. ಹಾರ್ನ್ ಮಾತ್ರ ಬಸ್ಸಿನ ಹಾರ್ನ್ ಆಯಿತು. ಚರ್ಚ್ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್ ನುಡಿಸುವ ಒಬ್ಬರನ್ನು ಹುಡುಕಿ ಹಿಡಿದೆವು. ಎಂಟೂ ಹಾರ್ನ್‌ನ ಭಾಗವನ್ನು ಅವರೊಬ್ಬರೇ ಎಂಟು ಸಲ ನುಡಿಸಿದರು, ಒಂದರ ಮೇಲೊಂದು ಕೂರಿಸಿದೆವು. ಎರಡು ಕಾಫಿ, ಒಂದು ಮಸಾಲೆ ದೋಸೆ, ಬೇರೆ ಏನೂ ತೆಗೆದುಕೊಳ್ಳಲಿಲ್ಲ.

ಮಾತ್ಸುಮೊಟೊ ತೀರಿಕೊಂಡದ್ದು 2023ರ ಫೆಬ್ರವರಿ 13ರಂದು. ವಾಗ್ನರ್ ವೆನಿಸ್‌ನಲ್ಲಿ ಸತ್ತದ್ದು 1883ರ ಫೆಬ್ರವರಿ 13ರಂದು. ಇದನ್ನು ಹೇಳಿದಾಗ ದೊಡ್ಡಪ್ಪ, “ಕಾಕತಾಳೀಯ” ಅಂದು ಎಲೆ ಅಡಿಕೆಗೆ ಸುಣ್ಣ ಸವರಿದರು. ಹೊಸ ಚಿತ್ರ ಪೂರ್ತಿ ನೋಡಿದರು, ಈ ಸಲ ಕಣ್ಣು ಮುಚ್ಚಲಿಲ್ಲ. “ಭಾಗವತರು ಬರುವಾಗ ನಿಲ್ಲಿಸಿದೆಯಲ್ಲ” ಅಂತ ಒಂದು ಆಕ್ಷೇಪ ಮಾತ್ರ.

ಈಗ ಎರಡನೆಯದಕ್ಕೆ ಕೈ ಹಾಕಿದ್ದೇನೆ. ವೋಟಾನ್ ಭೂಮಿಯ ಒಳಗೆ, ಕುಳ್ಳರ ಲೋಕಕ್ಕೆ ಇಳಿಯುವ ಭಾಗ. ಅಲ್ಲಿ ವಾಗ್ನರ್ 18 ಅಡಿಗಲ್ಲು, ಅಂದರೆ ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ, ಬಾರಿಸಲು ಬರೆದಿದ್ದಾನೆ. ನಮ್ಮೂರ ಕುಲುಮೆಯಲ್ಲಿ ಇರುವುದು ಒಂದೇ ಅಡಿಗಲ್ಲು. ಹೋದ ತಿಂಗಳು ಮೊಬೈಲ್ ಹಿಡಿದು ಹೋಗಿದ್ದೆ. ಒಂಬತ್ತು ಸಲ ಬಡಿದ ಮೇಲೆ ಕಮ್ಮಾರರು, “ಇನ್ನು ಉಳಿದದ್ದು ನಾಳೆ, ಎತ್ತಿನಗಾಡಿಯ ಪಟ್ಟಿ ಕಾಯುತ್ತಿದೆ” ಅಂತ ಎದ್ದರು.