ಇಪ್ಪತ್ತು ಮೀಟರ್ ಮೆಶ್, ಒಂದು ಬಹುಪದೋಕ್ತಿ

ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ, ಕುಯ್ಲಿನ ತೂಕ, ಬಟವಾಡೆ ಅಂತ ದಿನವಿಡೀ ಲೆಕ್ಕದಲ್ಲೇ ಇರುತ್ತೇನೆ. ಆದರೂ ಹತ್ತನೇ ಕ್ಲಾಸಿನ ಮಗಳು ಬಹುಪದೋಕ್ತಿ ಪಾಠ ತಂದು ಮುಂದಿಟ್ಟಾಗ ಬೆವರಿದೆ. ಎಕ್ಸ್ ಕಂಡರೆ ಅದರ ಬೆಲೆ ಕಂಡುಹಿಡಿಯಬೇಕು, ನನಗೆ ಗೊತ್ತಿದ್ದದ್ದು ಅಷ್ಟೇ. ಇಲ್ಲಿ ಕಂಡುಹಿಡಿಯಲು ಏನೂ ಇರಲಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಇಲ್ಲಿ ಎಕ್ಸ್ ನನ್ನ ಹಾಜರಿ ಪುಸ್ತಕದ ಖಾಲಿ ಕಾಲಂ ಥರ. ಯಾವ ಸಂಖ್ಯೆ ತುಂಬಿದರೂ ಅದಕ್ಕೆ ತಕ್ಕ ಬೆಲೆ ಬರುತ್ತದೆ. ಕೆಜಿಗೆ 5 ರೂಪಾಯಿ, ಮೇಲೆ 50 ರೂಪಾಯಿ ಭತ್ಯೆ ಅಂದ್ಕೊಳ್ಳಿ. ಕುಯ್ದ ಒಟ್ಟು ಕೆಜಿಯನ್ನು 'ಕ' ಅಂದರೆ ಕೂಲಿ 5ಕ + 50. ಇದೇ ಒಂದು ಬಹುಪದೋಕ್ತಿ. ನಕ್ಷೆ ಹಾಕಿದರೆ ನೇರ ಗೆರೆ.

ಎಲ್ಲ ಲೆಕ್ಕವೂ ಬಹುಪದೋಕ್ತಿ ಆಗಲ್ಲ. ಅಕ್ಷರದ ತಲೆ ಮೇಲೆ ಬರೆಯುವ ಸಂಖ್ಯೆ, ಅಂದರೆ ಘಾತ, 0, 1, 2, 3 ಹೀಗೆ ಪೂರ್ಣಸಂಖ್ಯೆ ಆಗಿರಬೇಕು. ಒಬ್ಬನೇ ಮಾಡಿದರೆ 60 ದಿನದ ಕೆಲಸಕ್ಕೆ 'ಜ' ಜನ ಬಂದರೆ 60/ಜ ದಿನ. ಇಲ್ಲಿ 'ಜ' ಕೆಳಗಿದೆ, ಅಂದರೆ ಘಾತ −1. ಬಹುಪದೋಕ್ತಿಗೆ ಸೊನ್ನೆ ಹಾಕಿದರೂ ಬೆಲೆ ಇರುತ್ತದೆ. ಇಲ್ಲಿ ಹಾಕಿ ನೋಡಿ: ಯಾರೂ ಬರದಿದ್ದರೆ ಕೆಲಸ ಎಷ್ಟು ದಿನಕ್ಕೆ ಮುಗಿಯುತ್ತದೆ? ಮಳೆಗಾಲದಲ್ಲಿ ಈ ಪ್ರಶ್ನೆ ನನಗೆ ಹೊಸದಲ್ಲ.

ವರ್ಗ ಬಹುಪದೋಕ್ತಿ, ಅಂದರೆ ಘಾತ 2ರವರೆಗೆ ಹೋಗುವಂಥದ್ದು, ಸಿಕ್ಕಿದ್ದು ಹಿತ್ತಲಲ್ಲಿ. ಕೋಳಿಗಳಿಗೆ ಬೇಲಿ ಹಾಕಲು 20 ಮೀಟರ್ ಮೆಶ್ ಇತ್ತು. ಒಂದು ಕಡೆ ಮನೆ ಗೋಡೆ, ಮೂರು ಕಡೆ ಮೆಶ್. ಅಗಲ 'ಅ' ಆದರೆ ಉದ್ದ 20 − 2ಅ. ಜಾಗ 20ಅ − 2ಅ². ಮಗಳು ಗ್ರಾಫ್ ಹಾಳೆ ಹಿಡಿದು ಕೂತಳು, ನಾನು ಬೆಲೆ ಹೇಳುತ್ತಾ ಹೋದೆ. 1ಕ್ಕೆ 18, 2ಕ್ಕೆ 32, 3ಕ್ಕೆ 24, 4ಕ್ಕೆ 48.

"ಅಪ್ಪ, ಮೂರರ ಚುಕ್ಕೆ ಹಳ್ಳಕ್ಕೆ ಬಿದ್ದಿದೆ" ಅಂದಳು.

ಹೌದಲ್ವಾ! ಅ²ಕ್ಕೆ ಮಾತ್ರ ಇರಬೇಕಾದ ವರ್ಗವನ್ನು 2ಕ್ಕೂ ಸೇರಿಸಿ, 18 ಕಳೆಯುವಲ್ಲಿ 36 ಕಳೆದಿದ್ದೆ. ಸರಿ ಬೆಲೆ 42. ಬರೀ ಪಟ್ಟಿ ನೋಡಿದ್ದರೆ ಈ ತಪ್ಪು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಾಗಾಗಿ ಮೊದಲು ಸೂತ್ರ ಬಾಯಿಪಾಠ ಮಾಡಿಸುವುದಕ್ಕಿಂತ ಚುಕ್ಕೆ ಇಡಿಸುವುದೇ ಮೇಲು ಅಂತ ನನ್ನ ಅಭಿಪ್ರಾಯ.

5ಕ್ಕೆ 50, ಆಮೇಲೆ ಇಳಿತ. 7ಕ್ಕೆ ಮತ್ತೆ 42, 9ಕ್ಕೆ 18, 10ಕ್ಕೆ ಸೊನ್ನೆ. ಬೆಲೆ ಸೊನ್ನೆಯಾಗುವ 0 ಮತ್ತು 10, ಇವೇ ಪುಸ್ತಕ ಹೇಳುವ ಶೂನ್ಯತೆಗಳು. ಗೆರೆ ಅಡ್ಡ ಅಕ್ಷವನ್ನು ದಾಟುವುದು ಅಲ್ಲೇ. ಮಹತ್ತಮ ಘಾತ 2, ಹಾಗಾಗಿ ಶೂನ್ಯತೆ ಎರಡಕ್ಕಿಂತ ಜಾಸ್ತಿ ಇರಲ್ಲ. ಅವೆರಡರ ನಟ್ಟನಡುವೆ, 5ರಲ್ಲಿ, ಗೆರೆ ಮೇಲಕ್ಕೆ ಹೋಗಿ ತಿರುಗುತ್ತದೆ. ಅ² ಮುಂದಿನ ಸಂಖ್ಯೆ, ಅಂದರೆ ಸಹಗುಣಕ, ಋಣ (−2), ಅದಕ್ಕೇ ಗುಡ್ಡದ ಆಕಾರ. ಧನ ಆಗಿದ್ದರೆ ಬಟ್ಟಲಾಗುತ್ತಿತ್ತು.

ಅಗಲ 5, ಉದ್ದ 10 ಅಂತ ಖುಷಿಯಿಂದ ಟೇಪ್ ಹಿಡಿದು ಹೋದೆವು. ನಮ್ಮ ಗೋಡೆ ಇದ್ದದ್ದೇ 8 ಮೀಟರ್. ಉದ್ದ 8 ಆದರೆ ಅಗಲ 6, ಜಾಗ 48. ಎರಡು ಚದರ ಮೀಟರ್ ಕೋಳಿಗಳಿಗೆ ನಷ್ಟ.