ಜರ್ಮನಿಯಲ್ಲಿ ರೈಲು ಹತ್ತುವ ಮುನ್ನ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಫ್ರಾಂಕ್‌ಫರ್ಟ್‌ಗೆ ಬಂದಿಳಿಯುವ ಕನ್ನಡಿಗರಲ್ಲಿ ಅನೇಕರು, ಅಲ್ಲಿ ಓದುವ ಅಥವಾ ಕೆಲಸ ಮಾಡುವ ಮಕ್ಕಳ ಊರು ಸೇರಲು ರೈಲನ್ನೇ ನೆಚ್ಚುತ್ತಾರೆ. ಹತ್ತುವ ಮೊದಲು ನಮ್ಮದೊಂದು ಅಭ್ಯಾಸವನ್ನು ಬದಿಗಿಡಬೇಕು. ನಮ್ಮಲ್ಲಿ ಕಾಯ್ದಿರಿಸಿದ ಟಿಕೆಟ್ ಎಂದರೆ ರೈಲು, ಬೋಗಿ, ಬರ್ತ್ ಎಲ್ಲವೂ ಸೇರಿದ ಒಂದೇ ಚೀಟಿ. ಜರ್ಮನಿಯಲ್ಲಿ ಪ್ರಯಾಣದ ಹಕ್ಕು, ನಿರ್ದಿಷ್ಟ ರೈಲು, ಕೂರುವ ಸೀಟು ಮೂರೂ ಬೇರೆ ಬೇರೆ. ವೇಟಿಂಗ್ ಲಿಸ್ಟ್ ಎಂಬುದೇ ಅಲ್ಲಿಲ್ಲ.

ಮೊದಲು ರೈಲಿನ ಬಗೆಯನ್ನು ಗುರುತಿಸಿಕೊಳ್ಳಿ. ಐಸಿಇ, ಐಸಿ ಎಂದಿದ್ದರೆ ದೂರದ ವೇಗದ ಗಾಡಿ. ಆರ್‌ಇ, ಆರ್‌ಬಿ, ಎಸ್ ಎಂದಿದ್ದರೆ ಪ್ರಾದೇಶಿಕ ಗಾಡಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ 2026ರ ಜನವರಿಯಿಂದ 63 ಯೂರೋ ಆಗಿರುವ ‘ಡಾಯ್ಚ್‌ಲಾಂಡ್ ಟಿಕೆಟ್’ ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲೂ ನಗರದ ಬಸ್ಸು, ಟ್ರಾಮುಗಳಲ್ಲೂ ನಡೆಯುತ್ತದೆ. ಆದರೆ ಅದನ್ನು ಹಿಡಿದು ಐಸಿಇ ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೇ ಸೇರುತ್ತೀರಿ. ಇದು ತಿಂಗಳ ಚಂದಾ ಆದ್ದರಿಂದ ತಾನಾಗಿ ಮುಂದುವರಿಯುತ್ತದೆ. ಒಂದೇ ತಿಂಗಳು ಸಾಕೆನ್ನುವವರು ಆ ತಿಂಗಳ 10ರೊಳಗೆ ರದ್ದು ಮಾಡಿಬಿಡಬೇಕು.

ದೂರದ ರೈಲಿಗೆ ಡಾಯ್ಚ ಬಾನ್ ಸಂಸ್ಥೆಯ ‘ಡಿಬಿ ನ್ಯಾವಿಗೇಟರ್’ ಆ್ಯಪ್‌ನಲ್ಲಿ ಟಿಕೆಟ್ ಕೊಳ್ಳುವುದು ಸುಲಭ. ಊರಿನ ಹೆಸರನ್ನು ಪೂರ್ತಿ ಓದಿ ಆರಿಸಿ: ವಿಮಾನ ನಿಲ್ದಾಣವಿರುವುದು ಮೈನ್ ನದಿಯ ಫ್ರಾಂಕ್‌ಫರ್ಟ್‌ನಲ್ಲಿ; ಓಡರ್ ನದಿಯ ಇನ್ನೊಂದು ಫ್ರಾಂಕ್‌ಫರ್ಟ್ ಪೋಲೆಂಡ್ ಗಡಿಯಲ್ಲಿದೆ. ಅಗ್ಗದ ‘ಷ್ಪಾರ್‌ಪ್ರೈಸ್’ ಟಿಕೆಟ್ ಬೇಗ ಕೊಂಡಷ್ಟೂ ಕಡಿಮೆ ದರಕ್ಕೆ ಸಿಗುತ್ತದೆ, ಆದರೆ ಅದರ ಮೇಲೆ ‘ಟ್ಸೂಗ್‌ಬಿಂಡುಂಗ್’ ಎಂಬ ಪದವಿರುತ್ತದೆ. ಅಂದರೆ ನಮೂದಿಸಿದ ಅದೇ ರೈಲಿಗೆ ನೀವು ಕಟ್ಟುಬಿದ್ದಿದ್ದೀರಿ. ‘ಫ್ಲೆಕ್ಸ್‌ಪ್ರೈಸ್’ ದುಬಾರಿ, ಆದರೆ ಆ ದಿನ ಆ ಮಾರ್ಗದ ಯಾವ ರೈಲಾದರೂ ಸರಿ. ವಿಮಾನ ಇಳಿಯುವ ದಿನಕ್ಕೆ ಕಟ್ಟುಬಿದ್ದ ಟಿಕೆಟ್ ಬೇಡವೆಂದೇ ನಾನು ಒತ್ತಿ ಹೇಳುತ್ತೇನೆ. ಬೇರೆಯಾಗಿ ಕೊಂಡ ವಿಮಾನದ ಟಿಕೆಟ್‌ಗೂ ಇದಕ್ಕೂ ಸಂಬಂಧವಿಲ್ಲದ ಕಾರಣ, ವಿಮಾನ ತಡವಾಗಿ ಲಗೇಜು ಬರುವಷ್ಟರಲ್ಲಿ ರೈಲು ಹೊರಟುಹೋದರೆ ಕೊಟ್ಟ ಹಣ ಹೋದಂತೆಯೇ.

ಇನ್ನು ಸೀಟಿನ ಮಾತು. ಎರಡನೇ ದರ್ಜೆಯ ಟಿಕೆಟ್‌ನಲ್ಲಿ ಸೀಟು ಸೇರಿರುವುದಿಲ್ಲ. ಅದಕ್ಕೆ ಕೆಲವು ಯೂರೋ ಬೇರೆಯಾಗಿ ಕೊಡಬೇಕು. ಒಬ್ಬರೇ ಹೋಗುವ ಯುವಕರು ಖಾಲಿ ಸೀಟು ಹುಡುಕಿ ಕೂತುಕೊಳ್ಳಬಹುದು, ಆದರೆ ಶುಕ್ರವಾರ ಸಂಜೆ ಕಿಕ್ಕಿರಿದ ಐಸಿಇಯಲ್ಲಿ ವಯಸ್ಸಾದ ತಾಯಿಯನ್ನು ಬಾಗಿಲ ಬಳಿ ಸೂಟ್‌ಕೇಸಿನ ಮೇಲೆ ಕೂರಿಸಿಕೊಂಡು ಎರಡು ಗಂಟೆ ಸಾಗುವುದು ಯಾರಿಗೂ ಬೇಡ. ಹಿರಿಯರೊಂದಿಗೆ ಹೊರಟಾಗ ಈ ಹಣ ಉಳಿಸಲು ಹೋಗಬೇಡಿ. ಕಾಯ್ದಿರಿಸಿದ ಸೀಟಿಗೂ ರೈಲು ಹೊರಟ 15 ನಿಮಿಷದೊಳಗೆ ಹೋಗಿ ಕೂರದಿದ್ದರೆ ಹಕ್ಕು ತಪ್ಪುತ್ತದೆ.

ನಿಲ್ದಾಣದಲ್ಲಿ ಗೇಟು, ತಪಾಸಣೆ ಯಾವುದೂ ಇರುವುದಿಲ್ಲ. ನೇರ ಪ್ಲಾಟ್‌ಫಾರ್ಮ್‌ಗೆ ಹೋಗಬಹುದು. ಪ್ಲಾಟ್‌ಫಾರ್ಮ್‌ಗೆ ಅಲ್ಲಿ ‘ಗ್ಲೈಸ್’ ಎನ್ನುತ್ತಾರೆ. ಅದರುದ್ದಕ್ಕೂ ಎ, ಬಿ, ಸಿ ಎಂದು ಫಲಕಗಳು ತೂಗುತ್ತವೆ. ನಿಮ್ಮ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಎಂಬುದನ್ನು ಆ್ಯಪ್ ತೋರಿಸುತ್ತದೆ. ಹತ್ತು ನಿಮಿಷ ಮೊದಲೇ ಅಲ್ಲಿ ನಿಂತಿರಿ, ಏಕೆಂದರೆ ಹಲವು ಕಡೆ ರೈಲು ನಿಲ್ಲುವುದು ಎರಡು-ಮೂರು ನಿಮಿಷ ಮಾತ್ರ, ಮತ್ತು ಕೂಲಿಗಳನ್ನು ನೆಚ್ಚುವಂತಿಲ್ಲ. ಧ್ವನಿವರ್ಧಕದಲ್ಲಿ ‘ಉಮ್‌ಗೆಕೇರ್ಟೆ ವಾಗನ್‌ರೈಹುಂಗ್’ ಎಂಬ ಮಾತು ಕೇಳಿಬಂದರೆ ಬೋಗಿಗಳ ಸಾಲು ತಿರುಗಿಬಿದ್ದಿದೆ ಎಂದರ್ಥ. ಲಗೇಜು ಎಳೆದುಕೊಂಡು ಆ ತುದಿಗೆ ನಡೆಯಬೇಕು. ‘ಫೆಲ್ಟ್ ಔಸ್’ ಎಂದರೆ ರೈಲು ರದ್ದು.

ಸರಿಯಾದ ಬೋಗಿಯೇ ಹತ್ತಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಕೆಲವು ಐಸಿಇಗಳು ಎರಡು ಗಾಡಿಗಳನ್ನು ಜೋಡಿಸಿದಂಥವು. ಬರ್ಲಿನ್‌ನಿಂದ ಪಶ್ಚಿಮಕ್ಕೆ ಹೊರಡುವ ಇಂಥ ರೈಲು ಹಾಮ್ ಎಂಬ ಊರಿನಲ್ಲಿ ಎರಡಾಗಿ, ಒಂದು ಭಾಗ ಕೊಲೋನ್ ಕಡೆಗೂ ಇನ್ನೊಂದು ಡ್ಯುಸೆಲ್‌ಡಾರ್ಫ್ ಕಡೆಗೂ ಹೋಗುತ್ತದೆ. ಬೋಗಿಯ ಬಾಗಿಲ ಪಕ್ಕದ ಫಲಕದಲ್ಲಿ ನಿಮ್ಮ ಊರಿನ ಹೆಸರಿದೆಯೇ ಎಂದು ನೋಡಿಯೇ ಕಾಲಿಡಿ.

ನಗರದ ಯಂತ್ರಗಳಲ್ಲಿ ಕೊಂಡ ಕಾಗದದ ಟಿಕೆಟ್‌ಗೆ ಬರ್ಲಿನ್, ಮ್ಯೂನಿಕ್‌ನಂಥ ಊರುಗಳಲ್ಲಿ ಹತ್ತುವ ಮೊದಲೇ ಮುದ್ರೆ ಒತ್ತಿಸಿಕೊಳ್ಳಬೇಕಾಗಬಹುದು. ಮುದ್ರೆ ಬೇಕಾದಲ್ಲಿ ಅದಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ. ದಂಡ 60 ಯೂರೋ.

ಜರ್ಮನ್ ರೈಲೆಂದರೆ ಗಡಿಯಾರದಂತೆ ಎಂಬ ಮಾತನ್ನು ನಂಬಿ ಹೊರಟವರಿಗೆ ಬೇಸರವಾಗುವುದುಂಟು; ದೂರದ ರೈಲುಗಳು ತಡವಾಗುವುದು ಅಲ್ಲಿ ದಿನನಿತ್ಯದ ಮಾತು. ಆದರೆ ಪ್ರಯಾಣಿಕನ ಹಕ್ಕುಗಳು ಗಟ್ಟಿಯಾಗಿವೆ. ಗುರಿ ತಲುಪುವುದು 20 ನಿಮಿಷ ಅಥವಾ ಹೆಚ್ಚು ತಡವಾಗುವ ಸೂಚನೆಯಿದ್ದರೆ ಟ್ಸೂಗ್‌ಬಿಂಡುಂಗ್ ಸಡಿಲಗೊಂಡು ಬೇರೆ ರೈಲಿನಲ್ಲಿ ಹೋಗಬಹುದು. 60 ನಿಮಿಷ ತಡವಾಗಿ ತಲುಪಿದರೆ ದರದ ಶೇ 25, 120 ನಿಮಿಷಕ್ಕೆ ಶೇ 50 ಮರಳಿ ಸಿಗುತ್ತದೆ. ಮೂರು ತಿಂಗಳೊಳಗೆ ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು. ಇದಕ್ಕಾಗಿಯೇ ನಡುವೆ ರೈಲು ಬದಲಿಸಬೇಕಾದ ಪ್ರಯಾಣವನ್ನು ಒಂದೇ ಟಿಕೆಟ್‌ನಲ್ಲಿ ಕೊಳ್ಳಬೇಕು, ತುಂಡು ತುಂಡಾಗಿ ಅಲ್ಲ. ಆ್ಯಪ್ ಆರು ನಿಮಿಷದ ಬದಲಾವಣೆಯನ್ನು ಸೂಚಿಸಿದರೂ ಲಗೇಜು ಇರುವವರು ಅರ್ಧ ಗಂಟೆಯನ್ನಾದರೂ ಇಟ್ಟುಕೊಳ್ಳಿ, ರಾತ್ರಿಯ ಕೊನೆಯ ರೈಲಿಗೆ ಬದಲು ಅದಕ್ಕಿಂತ ಹಿಂದಿನದನ್ನೇ ಆರಿಸಿ.