ಡ್ಯಾಶ್ ಎಲ್ಲಿ ಹಾಕೋದು?

ಎಂಎಸ್‌ಸಿ ತರಗತಿಗೆ ವಿಶೇಷ ಸಾಪೇಕ್ಷತೆ ಪಾಠ ಶುರು ಮಾಡುವ ಮುಂಚೆ ನಾನು ಒಂದು ವಿಷಯ ಇತ್ಯರ್ಥ ಮಾಡಿಕೊಂಡಿರುತ್ತೇನೆ. ಚಲಿಸುವ ಚೌಕಟ್ಟನ್ನು, ಅಂದರೆ ಚಲಿಸುತ್ತಿರುವ ವೀಕ್ಷಕನ ಅಳತೆಯ ವ್ಯವಸ್ಥೆಯನ್ನು, ತೋರಿಸುವ ಡ್ಯಾಶ್ (′) ಎಲ್ಲಿ ಕೂರಬೇಕು? ಅಕ್ಷರದ ಮೇಲೋ, ಅಥವಾ ಕಾಲ, ದೂರಗಳಲ್ಲಿ ಯಾವುದು ಅಂತ ಹೇಳಲು ಅಕ್ಷರದ ಪಕ್ಕ ಪುಟ್ಟದಾಗಿ ಬರೆಯುವ ಇಂಡೆಕ್ಸ್ ಮೇಲೋ?

ಬಹಳಷ್ಟು ಪುಸ್ತಕಗಳು ಅಕ್ಷರಕ್ಕೇ ಹಾಕುತ್ತವೆ. ಎಕ್ಸ್ ಡ್ಯಾಶ್, ಅದರ ತಲೆ ಮೇಲೆ ಮ್ಯೂ. ನಾನು ಎಕ್ಸನ್ನು ಅದರ ಪಾಡಿಗೆ ಬಿಟ್ಟು ಮ್ಯೂಗೆ ಡ್ಯಾಶ್ ಹಾಕುತ್ತೇನೆ. ಇದು ನನ್ನ ಹೊಸ ಶೋಧನೆಯೇನಲ್ಲ, ಡಚ್ ಗಣಿತಜ್ಞ ಸ್ಕೌಟನ್ ಬಹಳ ಹಿಂದೆಯೇ ಹಿಡಿದಿದ್ದ ದಾರಿ. 1905ರ ಲೇಖನದಲ್ಲಿ ಐನ್‌ಸ್ಟೈನ್‌ಗೆ ಈ ತಲೆನೋವೇ ಇರಲಿಲ್ಲ. ಚಲಿಸುವ ಚೌಕಟ್ಟಿಗೆ ಕ್ಸೈ, ಈಟಾ, ಝೀಟಾ, ಟೌ ಅಂತ ಬೇರೆ ಅಕ್ಷರಗಳನ್ನೇ ಕೊಟ್ಟುಬಿಟ್ಟರು!

ಡ್ಯಾಶ್ ಇಂಡೆಕ್ಸಿಗೆ ಯಾಕೆ? ಘಟನೆ ಒಂದೇ, ಅದನ್ನು ಅಳೆಯುವ ಚೌಕಟ್ಟು ಮಾತ್ರ ಎರಡು. ಬೆಂಗಳೂರಿನ ಮನೆಗಳ ಮೇಲೆ ಹಳೇ ನಂಬರ್, ಹೊಸ ನಂಬರ್ ಅಂತ ಎರಡೂ ಬರೆದಿರುತ್ತಾರಲ್ಲ, ಹಾಗೆ. ಮನೆ ಬದಲಾಗಿಲ್ಲ. ಅಕ್ಷರಕ್ಕೇ ಡ್ಯಾಶ್ ಹಾಕಿದರೆ ವಸ್ತುವೇ ಬೇರೆ ಆಯಿತೇನೋ ಅನ್ನಿಸುತ್ತದೆ.

ಆದರೆ ನನಗೆ ನಿಜವಾಗಿ ಮುಖ್ಯವಾದ ಕಾರಣ ಬೋರ್ಡು. ಒಂದು ಚೌಕಟ್ಟಿನ ಅಂಕಿಗಳನ್ನು ಇನ್ನೊಂದರ ಅಂಕಿಗಳಾಗಿ ಬದಲಿಸುವ ಮ್ಯಾಟ್ರಿಕ್ಸ್ ಲ್ಯಾಂಬ್ಡಾ. ಅದಕ್ಕೆ ಮೇಲೊಂದು ಇಂಡೆಕ್ಸ್, ಕೆಳಗೊಂದು ಇಂಡೆಕ್ಸ್. ವಾಡಿಕೆಯ ಬರವಣಿಗೆಯಲ್ಲಿ ಮೇಲಿನದು ಎಡಕ್ಕಿದ್ದರೆ ಮೂಲ ರೂಪಾಂತರ, ಕೆಳಗಿನದು ಎಡಕ್ಕಿದ್ದರೆ ವಿಲೋಮ, ಅಂದರೆ ಅದರ ಉಲ್ಟಾ ರೂಪಾಂತರ. ಅಚ್ಚಿನಲ್ಲಿ ಇದು ಸರಿ. ಚಾಕ್‌ಪೀಸ್ ಹಿಡಿದು ಅವಸರದಲ್ಲಿ ಬರೆಯುವಾಗ ಆ ಬೆರಳಗಲದ ಅಂತರ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಡ್ಯಾಶ್ ಇಂಡೆಕ್ಸಿನ ಮೇಲಿದ್ದರೆ ಈ ತಾಪತ್ರಯ ಇಲ್ಲ. ಡ್ಯಾಶ್ ಇರುವ ಇಂಡೆಕ್ಸ್ ಮೇಲಿದ್ದರೆ ಹೋಗುವ ದಾರಿ, ಕೆಳಗಿದ್ದರೆ ವಾಪಸ್ ಬರುವ ದಾರಿ. ಅಷ್ಟೇ.

ಲೆಕ್ಕ ಒಂದನ್ನು ಕೊಟ್ಟುಬಿಡುತ್ತೇನೆ. ವೇಗ ಬೆಳಕಿನ 0.6 ಪಾಲು. ಈ ಪಾಲೇ ಬೀಟಾ. ಅದರಿಂದ ಬರುವ ಕಾಲ ಹಿಗ್ಗುವಿಕೆಯ ಗುಣಕ ಗಾಮಾ 1.25, ಎರಡರ ಗುಣಲಬ್ಧ ಗಾಮಾ ಬೀಟಾ 0.75. ಘಟನೆ ನಡೆದದ್ದು 5 ಸೆಕೆಂಡಿಗೆ, 3 ಬೆಳಕಿನ ಸೆಕೆಂಡು ದೂರದಲ್ಲಿ. ಹೋಗುವ ಲ್ಯಾಂಬ್ಡಾದಲ್ಲಿ ಎಡ ಮೇಲಿನ ಮೂಲೆಯಿಂದ ಬಲ ಕೆಳಗಿನ ಮೂಲೆಗೆ 1.25, ಉಳಿದೆರಡು ಜಾಗದಲ್ಲಿ −0.75. ಗುಣಿಸಿದರೆ ಡ್ಯಾಶ್ ಚೌಕಟ್ಟಿನಲ್ಲಿ ಕಾಲ 4, ದೂರ 0. ಕಾಲದ ವರ್ಗದಲ್ಲಿ ದೂರದ ವರ್ಗ ಕಳೆದದ್ದು ಎರಡೂ ಚೌಕಟ್ಟಿನಲ್ಲಿ ಒಂದೇ ಇರಬೇಕು, ತಾಳೆ ನೋಡೋಣ. ಇಪ್ಪತ್ತೈದರಲ್ಲಿ ಒಂಬತ್ತು ಕಳೆದರೆ ಹದಿನಾರು, ನಾಲ್ಕರ ವರ್ಗವೂ ಹದಿನಾರೇ. ಈಗ ಇಂಡೆಕ್ಸ್ ಕೆಳಗಿಳಿಸಿ. ಕಾಲಕ್ಕೆ ಪ್ಲಸ್, ದೂರಕ್ಕೆ ಮೈನಸ್ ಅನ್ನುವ ಮೆಟ್ರಿಕ್ (ಇಂಡೆಕ್ಸನ್ನು ಏರಿಸಿ ಇಳಿಸುವ ಕೋಷ್ಟಕ) ಹಿಡಿದರೆ 5 ಮತ್ತು −3. ಇವನ್ನು ಡ್ಯಾಶ್ ಚೌಕಟ್ಟಿಗೆ ಒಯ್ಯಲು ಯಾವ ಲ್ಯಾಂಬ್ಡಾ ಬೇಕು? ಉತ್ತರದಲ್ಲಿ ಡ್ಯಾಶ್ ಕೆಳಗೆ ಉಳಿಯಬೇಕು, ಡ್ಯಾಶ್ ಇಲ್ಲದ್ದು ಮೇಲೆ ಕೂತು ಸಂಕಲನದಲ್ಲಿ ಕರಗಬೇಕು. ಅಂದರೆ ವಾಪಸ್ ಬರುವ ಲ್ಯಾಂಬ್ಡಾ, ಪ್ಲಸ್ 0.75 ಇರುವುದು. 6.25ರಲ್ಲಿ 2.25 ಕಳೆದರೆ 4. ಇನ್ನೊಂದು ಸೊನ್ನೆ. ಬಾಯಿಪಾಠ ಮಾಡುವ ನಿಯಮವೇ ಇಲ್ಲ. ಬೇರೆ ಲ್ಯಾಂಬ್ಡಾ ಅಲ್ಲಿ ಕೂರೋದೇ ಇಲ್ಲ, ಅಲ್ವಾ?

ಚಲಿಸುವ ಚೌಕಟ್ಟಿಗೆ ಒಯ್ಯುವ ಇಂಥ ರೂಪಾಂತರಕ್ಕೆ ಬೂಸ್ಟ್ ಅನ್ನುತ್ತಾರೆ. ಒಂದೇ ದಿಕ್ಕಿನ ಬೂಸ್ಟ್ ಮ್ಯಾಟ್ರಿಕ್ಸ್ ಒಂದು ಕಳ್ಳ. ಅದು ಸಮಮಿತ. ಅಡ್ಡಸಾಲು, ಕಂಬಸಾಲು ಅದಲುಬದಲು ಮಾಡಿದರೂ ಉತ್ತರ ಸರಿಯಾಗೇ ಬರುತ್ತದೆ. ಹಾಗಾಗಿ ನಾನು ಬೇಗನೇ ಎರಡು ಬೂಸ್ಟ್ ಕೊಡಿಸುತ್ತೇನೆ. ಮೊದಲು ಎಕ್ಸ್ ದಿಕ್ಕಿಗೆ 0.6, ಆಮೇಲೆ ವೈ ದಿಕ್ಕಿಗೆ 0.6. ಗುಣಲಬ್ಧದ ಮೊದಲ ಸಾಲಿನ ಎರಡನೇ ಅಂಕಿ −0.9375. ಎರಡನೇ ಸಾಲಿನ ಮೊದಲ ಅಂಕಿ −0.75. ಸಮಮಿತಿ ಹೋಯಿತು, ಕ್ರಮ ತಪ್ಪಿಸಿದವರ ಉತ್ತರವೂ ಹೋಯಿತು. ಈ ಅಸಮತೆಯ ಹಿಂದೆ ಥಾಮಸ್–ವಿಗ್ನರ್ ತಿರುಗುವಿಕೆ, ಅಂದರೆ ಬೇರೆ ಬೇರೆ ದಿಕ್ಕಿನ ಬೂಸ್ಟ್‌ಗಳು ಸೇರಿದಾಗ ಹುಟ್ಟುವ ತಿರುವು, ಇದೆ. ಆ ಕಥೆ ಸುಮ್ನೆ ಇಲ್ಲಿ ಎಳೆಯುವುದಿಲ್ಲ. ಎರಡನೇ ಬೂಸ್ಟಿಗೆ ಡಬಲ್ ಡ್ಯಾಶ್ ಹಾಕಿ ಬರೆದರೆ ಯಾವ ಇಂಡೆಕ್ಸ್ ಯಾವುದಕ್ಕೆ ಜೋಡಿ ಅನ್ನುವುದು ಕಣ್ಣಿಗೇ ಕಾಣುತ್ತದೆ.

ತೊಂದರೆಗಳೂ ಇವೆ. ಕೈಬರಹದಲ್ಲಿ ಡ್ಯಾಶ್ ಬೇಗ ಒಂದು ಅನ್ನುವ ಅಂಕಿಯಾಗುತ್ತದೆ. ಕೆಲವರು ಅದಕ್ಕೇ ಇಂಡೆಕ್ಸಿನ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಮುಂದೆ ಡಿರಾಕ್ ಸಮೀಕರಣದಲ್ಲಿ ಸೈ ಅಕ್ಷರದ ಮೇಲಿನ ಗೆರೆಗೆ ಬೇರೆ ಅರ್ಥ ಇರುವುದರಿಂದ ನನಗೆ ಅದು ಬೇಡ. ಇನ್ನೊಂದು, ಮ್ಯೂ ಮತ್ತು ಮ್ಯೂ ಡ್ಯಾಶ್ ಎರಡನ್ನೂ ಒಂದೇ ಸಾಲಿನಲ್ಲಿ ಬಳಸಿದರೆ ಗಲಿಬಿಲಿ ಜಾಸ್ತಿ. ಅದಕ್ಕೇ ಡ್ಯಾಶ್ ಇಲ್ಲದ ಕಡೆಗೆ ಆಲ್ಫಾ, ಬೀಟಾ. ಡ್ಯಾಶ್ ಕಡೆಗೆ ಮ್ಯೂ, ನ್ಯೂ. ಕಾಲಕ್ಕೆ ಐ (ಮೈನಸ್ ಒಂದರ ವರ್ಗಮೂಲ) ಸೇರಿಸಿ ನಾಲ್ಕನೇ ನಿರ್ದೇಶಾಂಕ ಮಾಡುವ ಮಿಂಕೋವ್ಸ್ಕಿ ಕಾಲದ ಉಪಾಯದಲ್ಲಿ ಮೇಲೆ ಕೆಳಗೆ ಅನ್ನುವ ರಗಳೆಯೇ ಇರುವುದಿಲ್ಲ, ನಿಜ. ಆದರೆ ಸಾಮಾನ್ಯ ಸಾಪೇಕ್ಷತೆಗೆ ಕಾಲಿಟ್ಟ ದಿನ ಅದನ್ನು ಮರೆಯಬೇಕಾಗುತ್ತದೆ.

ಒಂದು ಕಡೆ ಮಾತ್ರ ನಾನು ಡ್ಯಾಶನ್ನು ಅಕ್ಷರಕ್ಕೇ ಹಾಕುತ್ತೇನೆ. ಚೌಕಟ್ಟು ಅದೇ ಇದ್ದು ಕಣವನ್ನೇ ತಳ್ಳಿ ವೇಗ ಕೊಟ್ಟಾಗ. ಅಲ್ಲಿ ಕಣದ ಸಂವೇಗ ಪಿ ನಿಜವಾಗಿಯೂ ಪಿ ಡ್ಯಾಶ್ ಆಗಿರುತ್ತದೆ, ಇಂಡೆಕ್ಸ್ ಬೋಳಾಗೇ ಇರುತ್ತದೆ.